ಆರನೆಯ ಗಡಿಗೆ

ನಮ್ಮೂರಿಗೆ ಒಂದು ಹೆಸರಿದೆ, ಆದರೆ ಹೇಳುವುದಿಲ್ಲ. ಹೇಳಿದರೆ ನೀವು ಬಂದುಬಿಡುತ್ತೀರಿ, ಬಂದರೆ ಕೂರಿಸಲು ಜಾಗವಿಲ್ಲ. ಕರಿಮಣ್ಣಿನ ಹೊಲಗಳ ನಡುವೆ ಇದೆ, ಒಂದು ತುದಿಗೆ ಮುಚ್ಚಿದ ಹತ್ತಿ ಮಿಲ್ಲು, ಇನ್ನೊಂದು ತುದಿಗೆ ಕಲ್ಲು ತೆಗೆದು ಬಿಟ್ಟ ಕ್ವಾರಿ. ಅಷ್ಟು ತಿಳಿದರೆ ಸಾಕು.

ನಮ್ಮೂರಿನಲ್ಲಿ ಹೊಸ ಹಾಡು ನೇರವಾಗಿ ಗಾಳಿಗೆ ಬರುವಂತಿಲ್ಲ. ಹಾಡು ಕಟ್ಟಿದವನು ಮೊದಲು ಅದನ್ನು ಗಡಿಗೆಯಲ್ಲಿ ತುಂಬಬೇಕು. ಗಡಿಗೆಯ ಬಾಯಿಗೆ ಎದುರಾಗಿ ಕೂತು ಹಾಡಬೇಕು, ಬಾರಿಸಬೇಕು, ಮುಗಿದ ಕೂಡಲೇ ಒದ್ದೆ ಬಟ್ಟೆ ಬಿಗಿದು ದಾರ ಸುತ್ತಬೇಕು. ಗಡಿಗೆ ಕಿವಿಮನೆಗೆ ಬರಬೇಕು. ಅಲ್ಲಿ ಆರು ಜನ ಕಿವಿಯವರು ಕೂತಿರುತ್ತಾರೆ. ಅವರು ಬಟ್ಟೆಯ ನಡುವೆ ಬಿದಿರಿನ ಸಣ್ಣ ಕೊಳವೆ ಇಳಿಸಿ ಕೇಳುತ್ತಾರೆ. ಕೊಳವೆಯಲ್ಲಿ ಕೇಳಿದರೆ ಹಾಡು ಖರ್ಚಾಗುವುದಿಲ್ಲ. ಕೇಳಿ, ‘ಬೇಕು’ ಅನ್ನಬೇಕು ಇಲ್ಲವೇ ‘ಬೇಡ’ ಅನ್ನಬೇಕು.

ಬೇಕು ಎಂದರೆ ಗಡಿಗೆಯನ್ನು ಬಜಾರಿನ ಕಟ್ಟೆಯ ಮೇಲೆ ಬಿಚ್ಚುತ್ತಾರೆ. ಹಾಡು ಊರೆಲ್ಲ ಹರಡಿಕೊಳ್ಳುತ್ತದೆ, ಸಂಜೆಯೊಳಗೆ ಹಾಲು ಕರೆಯುವವರ ಬಾಯಲ್ಲೂ ಅದೇ ಇರುತ್ತದೆ. ಬೇಡ ಎಂದರೆ ಕ್ವಾರಿಗೆ ಒಯ್ದು ಅಲ್ಲಿ ಬಿಚ್ಚುತ್ತಾರೆ. ಕಲ್ಲಿನ ನಡುವೆ ಹಾಡು ತಾನಾಗಿ ಆರಿಹೋಗುತ್ತದೆ. ಅದು ಮುಗಿದ ಮೇಲೆ ಕಟ್ಟಿದವನು ತನ್ನ ವಾದ್ಯವನ್ನು ಕೊಟ್ಟುಬಿಡಬೇಕು. ಅದನ್ನು ಕಿವಿಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕುತ್ತಾರೆ. ಮತ್ತೆಂದೂ ಅವನು ಅದನ್ನು ಮುಟ್ಟುವಂತಿಲ್ಲ, ಬೇರೆ ವಾದ್ಯವನ್ನೂ ಮುಟ್ಟುವಂತಿಲ್ಲ. ಗಡಿಗೆ ಕಿವಿಮನೆಗೆ ಬಂದ ಗಳಿಗೆಯಿಂದ ತೀರ್ಪು ಆಗುವವರೆಗೆ ಅವನು ತುಟಿ ಬಿಚ್ಚುವಂತಿಲ್ಲ. ಹಾಡು ಒಳ್ಳೆಯದಿದ್ದರೆ ತಾನೇ ಹೇಳಿಕೊಳ್ಳುತ್ತದೆ, ಕಟ್ಟಿದವನು ನಡುವೆ ಬಾಯಿ ಹಾಕುವುದೇಕೆ ಎಂದು ನಮ್ಮ ಹಿರಿಯರು ಮಾಡಿಟ್ಟ ಕಟ್ಟಳೆ ಅದು.

ನಾನು ಆ ಆರು ಜನರಲ್ಲಿ ನಾಲ್ಕನೆಯ ಕಿವಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರುವ ತಪ್ಪಿನಲ್ಲಿ ನನ್ನ ಪಾಲೂ ಇದೆ, ಸಣ್ಣ ಪಾಲೇನಲ್ಲ.

ಈ ಕಥೆ ಗಿಟಾರಿನವನದು. ಒಂದು ಕಾಲಕ್ಕೆ ನಮ್ಮೂರಲ್ಲಿ ನಾಲ್ವರ ರಾಕ್ ತಂಡವಿತ್ತು. ಅವರ ಗಡಿಗೆ ಬಿಚ್ಚಿದ ದಿನ ಬಜಾರಿನ ಹೆಂಚುಗಳು ಅದುರಿದ್ದವು, ಮುದುಕರು ಬೈದುಕೊಂಡೇ ಕಾಲು ಕುಣಿಸಿದ್ದರು. ಆಮೇಲೆ ತಂಡ ಒಡೆಯಿತು. ಯಾಕೆ ಒಡೆಯಿತು ಎಂಬುದಕ್ಕೆ ಊರಲ್ಲಿ ಹದಿನೇಳು ಕಾರಣಗಳಿವೆ, ಹದಿನೇಳನ್ನೂ ಹುಟ್ಟಿಸಿದವರು ನಾವೇ. ಮೂವರು ಮೂರು ದಿಕ್ಕು ಹಿಡಿದರು. ಗಿಟಾರಿನವನು ಮಾತ್ರ ಊರು ಬಿಡಲಿಲ್ಲ. ಹತ್ತಿ ಮಿಲ್ಲಿನೊಳಗೆ ಹೋದ, ಕದ ಹಾಕಿಕೊಂಡ. ಹನ್ನೊಂದು ವರ್ಷ ಆ ಕದ ತೆರೆಯಲಿಲ್ಲ.

ಅವನಿಗೆ ಹುಚ್ಚು ಹಿಡಿದಿದೆ ಎಂದು ಕೆಲವರೆಂದರು, ಕೊಬ್ಬು ಎಂದು ಕೆಲವರೆಂದರು. ಕುಂಬಾರಗಿತ್ತಿ ಏನೂ ಅನ್ನಲಿಲ್ಲ. ಊರಿಗೆಲ್ಲ ಗಡಿಗೆ ಮಾಡಿಕೊಡುವವಳು ಅವಳೇ, ಅವುಗಳನ್ನು ಸುಡುವ ಆವಿಗೆ ಮಿಲ್ಲಿನ ಹಿಂದೆಯೇ ಇತ್ತು. ಅವಳು ದಿನಾ ಮಧ್ಯಾಹ್ನ ಕಿಟಕಿಯ ಸಂದಿಯಲ್ಲಿ ಎರಡು ರೊಟ್ಟಿ, ಒಂದಿಷ್ಟು ಪಲ್ಯ ಇಟ್ಟು ಹೋಗುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಒಳಗಿನಿಂದ ಒಂದು ಮಾತು ಬರಲಿಲ್ಲ. ಒಂದು ದಿನ ಖಾಲಿ ತಟ್ಟೆಯಲ್ಲಿ ಒಂದು ಚೀಟಿ ಬಂತು. ಆರು ಗಡಿಗೆ ಬೇಕು, ಆರೂ ಒಂದೇ ಮಣ್ಣಿನವು, ಒಂದೇ ಸುಡುವಿಕೆಯವು ಎಂದು ಬರೆದಿತ್ತು. ಅವಳು ಆ ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು ಊರೆಲ್ಲ ತಿರುಗಿದಳು.

“ಆರು ಕೇಳ್ಯಾನ” ಎಂದು ಬಾವಿಕಟ್ಟೆಯಲ್ಲಿ ಹೇಳಿದಳು. “ಒಂದಲ್ಲ, ಎರಡಲ್ಲ, ಆರು.”

ಆರು ಗಡಿಗೆ ಎಂದರೆ ನಮ್ಮಲ್ಲಿ ಆಲ್ಬಮ್. ಆರು ಹಾಡು, ಆರು ಗಡಿಗೆ, ಆರು ಕಿವಿ, ಒಬ್ಬೊಬ್ಬರಿಗೆ ಒಂದೊಂದು. ಹಾಗೆಯೇ ನಡೆದುಕೊಂಡು ಬಂದಿತ್ತು. ಒಬ್ಬನೇ ಮನುಷ್ಯ ಆರು ಗಡಿಗೆ ತಂದದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಕುಂಬಾರಗಿತ್ತಿ ಆರನ್ನೂ ಸುಟ್ಟು, ಕಿಟಕಿ ತೆರೆಸಿ ಒಳಗೆ ಕೊಟ್ಟಳು. ಊರು ಕಾಯಿತು. ನಾವು ಕಿವಿಯವರು ಕಿವಿಗೆ ಎಳ್ಳೆಣ್ಣೆ ಬಿಟ್ಟುಕೊಂಡು ಕಾದೆವು.

ಬೇಸಿಗೆ ಮುಗಿಯುವ ಹೊತ್ತಿಗೆ ಮಿಲ್ಲಿನ ಕದ ತೆರೆಯಿತು. ಅವನು ಹೊರಗೆ ಬಂದ. ಗಡ್ಡ ಎದೆಯವರೆಗೆ ಇಳಿದಿತ್ತು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ. ಕುಂಬಾರಗಿತ್ತಿ ತನ್ನ ಎತ್ತಿನ ಗಾಡಿ ತಂದಳು, ಹುಲ್ಲು ಹಾಸಿ ಆರು ಗಡಿಗೆಗಳನ್ನು ಹಸುಗೂಸು ಮಲಗಿಸಿದ ಹಾಗೆ ಮಲಗಿಸಿದಳು. ಬಜಾರಿನ ನಡುವೆ ಗಾಡಿ ಬಂತು. ಜನ ಎರಡೂ ಬದಿಗೆ ನಿಂತು ನೋಡಿದರು. ಯಾರೂ ಅವನನ್ನು ಮಾತಾಡಿಸಲಿಲ್ಲ, ಅವನೂ ತಲೆ ಎತ್ತಲಿಲ್ಲ. ನನಗೆ ಆಗ ಅದು ಸೊಕ್ಕು ಎನಿಸಿತು. ಗಾಡಿ ಅಲುಗಿದಾಗಲೆಲ್ಲ ಅವನು ಗಡಿಗೆಗಳಿಗೆ ಕೈ ಒಡ್ಡುತ್ತಿದ್ದುದನ್ನು ನಾನು ನೋಡಿದ್ದೆ, ಆದರೂ ಹಾಗೆನಿಸಿತು.

ಕಿವಿಮನೆಯಲ್ಲಿ ನಾವು ಆರು ಜನ ಬೆನ್ನಿಗೆ ಬೆನ್ನು ಕೊಟ್ಟು ದುಂಡಗೆ ಕೂರುತ್ತೇವೆ. ಒಬ್ಬರ ಮುಖ ಒಬ್ಬರಿಗೆ ಕಾಣಬಾರದು. ಒಬ್ಬರ ಹುಬ್ಬು ಏರಿದ್ದು ಕಂಡರೆ ಇನ್ನೊಬ್ಬರ ಕಿವಿ ಕೆಡುತ್ತದೆ ಎಂದು. ನಮ್ಮ ಹಿರೇಕಿವಿಯವರು, ಅಂದರೆ ಆರನೆಯವರು, ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಐವತ್ತು ವರ್ಷ ಕಿವಿಯಾಗಿದ್ದವರು, ಒಂದು ದಿನವೂ ಸುಳ್ಳು ಹೇಳದವರು, ಒಂದು ದಿನವೂ ನಗದವರು. ಅವರು ಕೋಲಿನಿಂದ ನೆಲ ಕುಟ್ಟಿದರು. ನಾವು ಕೊಳವೆ ಇಳಿಸಿದೆವು.

ನನ್ನ ಗಡಿಗೆಯಲ್ಲಿ ಗಿಟಾರ್ ಇತ್ತು. ನಾಲ್ಕು ಸ್ವರ ಬಂದವು, ಕಿವಿ ನಿಮಿರಿತು. ನಿಂತವು. ಬಹಳ ಹೊತ್ತು ಏನೂ ಇಲ್ಲ. ಮತ್ತೆ ನಾಲ್ಕು ಸ್ವರ, ಮತ್ತೆ ಏನೂ ಇಲ್ಲ. ಹನ್ನೊಂದು ವರ್ಷ ಕೂತು ಇದನ್ನು ಮಾಡಿದನೇ ಎಂದುಕೊಂಡೆ. ಉಳಿದವರು ಏನು ಕೇಳುತ್ತಿದ್ದಾರೆಂದು ನನಗೆ ಗೊತ್ತಿಲ್ಲ, ಕೇಳುವಂತೆಯೂ ಇಲ್ಲ. ಅವನು ಬಾಗಿಲ ಬಳಿ ನಿಂತಿದ್ದ. ಒಮ್ಮೆ ಒಂದು ಹೆಜ್ಜೆ ಮುಂದೆ ಬಂದ, ಎರಡೂ ಕೈ ಎತ್ತಿ ಏನೋ ಜೋಡಿಸಿ ತೋರಿಸಿದ. ಹಿರೇಕಿವಿಯವರು ಕೋಲು ಕುಟ್ಟಿದರು. ಅವನು ಕೈ ಇಳಿಸಿದ.

ಮರುದಿನ ಬೆಳಿಗ್ಗೆ ಬಜಾರಿನ ಕಟ್ಟೆಯ ಮೇಲೆ ನಿಂತು ತೀರ್ಪು ಓದಿದೆವು. ಊರಿಗೆ ಊರೇ ಸೇರಿತ್ತು.

ಮೊದಲನೆಯ ಕಿವಿ ಓದಿದ: “ಇದು ಹಾಡಲ್ಲ. ಯಾರೋ ಕದ ಬಡಿಯುತ್ತಿದ್ದಾರೆ. ಒಂದೇ ಸಮನೆ ಬಡಿಯುತ್ತಿದ್ದಾರೆ. ತೆರೆಯುವವರು ಯಾರೂ ಇಲ್ಲ. ಬೇಡ.”

ಎರಡನೆಯವನು ಓದಿದ: “ಒಂದು ದಪ್ಪ ದನಿ ನೆಲದ ಅಡಿಗೆ ನಡೆದುಹೋಗುತ್ತಿದೆ. ಎಲ್ಲಿಗೆ ಹೊರಟಿದೆ ಎಂದು ಹೇಳುವುದಿಲ್ಲ. ಬೇಡ.”

ಮೂರನೆಯವನು ಓದಿದ: “ಕಬ್ಬಿಣ ಕುಟ್ಟಿದ್ದಾನೆ. ಮಿಲ್ಲು ಮತ್ತೆ ಶುರುವಾಯಿತೇನೋ ಎಂದು ಒಂದು ಕ್ಷಣ ಖುಷಿಯಾಯಿತು. ಶುರುವಾಗಿಲ್ಲ. ಬೇಡ.”

ನಾನು ಓದಿದೆ: “ಏನೋ ಹೇಳಬೇಕೆಂದು ಬಾಯಿ ತೆರೆದು, ಹೇಳುವುದನ್ನು ಮರೆತು, ಬಾಯಿ ಮುಚ್ಚುವುದನ್ನೂ ಮರೆತವನ ಸಂಗೀತ. ಬೇಡ.” ಜನ ಚಪ್ಪಾಳೆ ತಟ್ಟಿದರು. ಈ ಸಾಲಿಗಾಗಿ ಹಿಂದಿನ ರಾತ್ರಿಯೆಲ್ಲ ಕೂತಿದ್ದೆ. ಚಪ್ಪಾಳೆ ಬಿದ್ದಾಗ ಒಳಗೊಳಗೇ ಹಿಗ್ಗಿದೆ, ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಐದನೆಯವನು ಓದಿದ: “ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಾನೆ. ಮತ್ತೆ ಅದನ್ನೇ ಕೇಳುತ್ತಾನೆ. ಉತ್ತರ ಗೊತ್ತಿಲ್ಲದವನು ಹಾಡಬಾರದು. ಬೇಡ.”

ಹಿರೇಕಿವಿಯವರು ಎದ್ದು ನಿಂತರು. ಅವರ ಕೈಯಲ್ಲಿ ಚೀಟಿಯೇ ಇರಲಿಲ್ಲ. “ನನ್ನ ಗಡಿಗೆ ಖಾಲಿ” ಎಂದರು. “ಬೇಡ.”

ಆರು ತೀರ್ಪುಗಳನ್ನು ಸಾಲಾಗಿ ಕೇಳಿದ ಯಾರಿಗಾದರೂ ಒಂದಿಷ್ಟು ಬುದ್ಧಿ ಇದ್ದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ನಮಗೆ ಕಿವಿ ಮಾತ್ರ ಇತ್ತು. ಊರಿನವರು ನಕ್ಕರು. ನಾಲ್ವರ ಕೆಲಸ ಒಬ್ಬನಿಂದ ಆಗುತ್ತದೆಯೇ, ಆ ತಂಡದ ಕಾಲವೇ ಬೇರೆ ಎಂದು ಮಾತಾಡಿಕೊಂಡರು. ಗಿಟಾರಿನವನು ಎಲ್ಲ ಕೇಳಿಸಿಕೊಂಡು ನಿಂತಿದ್ದ, ಅವನ ಮುಖ ಮಾತ್ರ ಬಿಳಿಚಿಕೊಂಡಿತ್ತು.

ಮಧ್ಯಾಹ್ನ ಕ್ವಾರಿಗೆ ಹೊರಟೆವು. ಮುಂದೆ ಕುಂಬಾರಗಿತ್ತಿ ಹೊಡೆಯುತ್ತಿದ್ದ ಗಾಡಿ, ಗಾಡಿಯಲ್ಲಿ ಆರು ಗಡಿಗೆ. ಅವುಗಳ ಪಕ್ಕದಲ್ಲಿ ಗೋಡೆಗೆ ಹೋಗಬೇಕಾದ ಗಿಟಾರ್, ಅದರ ವೈರು, ಸ್ಪೀಕರ್ ಡಬ್ಬ, ಡಬ್ಬಕ್ಕೆ ಕರೆಂಟ್ ಕೊಡುವ ಹಳೇ ಟ್ರ್ಯಾಕ್ಟರ್ ಬ್ಯಾಟರಿ. ಗಾಡಿಯ ಹಿಂದೆ ಗಿಟಾರಿನವನು, ಅವನ ಹಿಂದೆ ನಾವು ಆರು ಜನ. ಹಿರೇಕಿವಿಯವರ ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ಮೊಳೆ. ಊರಿನವರು ಕ್ವಾರಿಯ ಅಂಚಿನವರೆಗೆ ಬಂದು ನಿಂತರು, ಕೆಳಗೆ ಇಳಿಯಲು ಅವರಿಗೆ ಅನುಮತಿಯಿಲ್ಲ. ಬೇಡ ಎಂದ ಗಡಿಗೆಯನ್ನು, ಬೇಡ ಎಂದ ಕಿವಿಯೇ ಬಿಚ್ಚಬೇಕು. ಒಂದಾದ ಮೇಲೆ ಒಂದು ಬಿಚ್ಚಬೇಕು. ಅದೂ ಕಟ್ಟಳೆಯೇ.

ಮೊದಲನೆಯ ಕಿವಿ ದಾರಕ್ಕೆ ಕೈ ಹಾಕಿದ.

“ಒಂದೊಂದಾಗಿ ಬ್ಯಾಡ್ರಿ” ಎಂದ ಗಿಟಾರಿನವನು.

ಹನ್ನೊಂದು ವರ್ಷದ ಮೇಲೆ ಬಂದ ದನಿ ತುಕ್ಕು ಹಿಡಿದಿತ್ತು. ತೀರ್ಪು ಆಗಿಹೋಗಿತ್ತು, ಆದ್ದರಿಂದ ಈಗ ಅವನು ಮಾತಾಡಬಹುದಿತ್ತು. ಅದು ನಮಗೇ ಮರೆತುಹೋಗಿತ್ತು. ಬೇಡ ಅನಿಸಿಕೊಂಡವರು ಸಾಮಾನ್ಯವಾಗಿ ಇಲ್ಲಿ ಅಳುತ್ತಿದ್ದರೇ ಹೊರತು ಮಾತಾಡುತ್ತಿರಲಿಲ್ಲ.

“ಆರು ಹಾಡಲ್ಲರಿ ಅವು” ಎಂದ. “ಒಂದ ಹಾಡು. ನಾ ಒಬ್ಬನ ಇದ್ದೆ. ಡ್ರಮ್ ಬಾರಿಸುವಾಗ ಗಿಟಾರ್ ಹಿಡಿಯಾಕ ಕೈ ಇರಲಿಲ್ಲ. ಅದಕ್ಕ ಒಂದೊಂದು ಪಾಲು ಒಂದೊಂದು ಗಡಿಗ್ಯಾಗ ತುಂಬಿದೆ. ಎಲ್ಲಾನೂ ಕೂಡಿ ಬಿಚ್ಚಬೇಕು.”

ಕುಂಬಾರಗಿತ್ತಿಯೇ ಮೊದಲು ಬಾಯಿ ತೆರೆದಳು.

“ಅಲ್ಲೋ ತಮ್ಮಾ, ಹನ್ನೊಂದು ವರ್ಷ ರೊಟ್ಟಿ ಇಟ್ಟೀನಿ. ಇದೊಂದು ಮಾತು ಆ ಚೀಟ್ಯಾಗ ಬರೆದಿದ್ರ ನಾನ ಬಂದು ಈ ಯಜಮಾನ್ರಿಗೆ ತಿಳಿಸಿ ಹೇಳ್ತಿದ್ನಲ್ಲೊ.”

“ಎಲ್ಲಾರೂ ಕೂಡಿ ಕೇಳ್ತಾರಂತ ತಿಳಿದಿದ್ದೆ ಅಕ್ಕಾ” ಎಂದ ಅವನು. “ನಾವು ನಾಲ್ಕು ಮಂದಿ ಕೂಡೇ ಬಾರಸ್ತಿದ್ವಿ. ಕೇಳೂದೂ ಹಂಗ ಅಂದ್ಕೊಂಡಿದ್ದೆ.”

ಕದ ಬಡಿಯುವ ಸದ್ದು, ನೆಲದಡಿಯ ದಪ್ಪ ದನಿ, ಕುಟ್ಟುವ ಕಬ್ಬಿಣ, ನನ್ನ ನಾಲ್ಕು ಸ್ವರ, ಆ ಪ್ರಶ್ನೆ. ಒಂದರ ಪಕ್ಕ ಒಂದು ಬಂದು ಕೂತವು. ನಾವು ಬೆನ್ನಿಗೆ ಬೆನ್ನು ಕೊಟ್ಟು ಕೂತದ್ದು ನೆನಪಾಗಿ ನನ್ನ ಮೇಲೆ ನನಗೇ ಸಿಟ್ಟು ಬಂತು.

“ತೀರ್ಪು ಅಂದ್ರ ತೀರ್ಪು” ಎಂದರು ಹಿರೇಕಿವಿಯವರು. “ಹಿಂದಕ್ಕ ತಗೊಳ್ಳಾಕ ಬರೂದಿಲ್ಲ.”

“ಹಿಂದಕ್ಕ ತಗೋರಿ ಅಂತ ನಾ ಕೇಳವಲ್ಲೆ” ಎಂದ ಗಿಟಾರಿನವನು. “ಹೆಂಗೂ ಚೆಲ್ಲವ್ರು ಅದೀರಿ. ಕೂಡೇ ಚೆಲ್ರಿ. ಒಂದ್ ಸಲ ಕೇಳಿ ಗಿಟಾರ್ ಕೊಟ್ಟಬಿಡ್ತೀನಿ. ನಾನೂ ಇದನ್ನ ಪೂರಾ ಕೇಳಿಲ್ಲರಿ.”

ಆ ಮಾತು ನನಗೆ ತಟ್ಟಿತು. ಹನ್ನೊಂದು ವರ್ಷ ಕಟ್ಟಿದವನು ತನ್ನ ಹಾಡನ್ನು ತಾನೇ ಕೇಳಿರಲಿಲ್ಲ. ನಾನು ಹೋಗಿ ನನ್ನ ಗಡಿಗೆಯ ಪಕ್ಕ ಕೂತೆ, ದಾರದ ತುದಿ ಹಿಡಿದುಕೊಂಡೆ. ಐದನೆಯವನು ನನ್ನ ಮುಖ ನೋಡಿದ. ಕಿವಿಯಾದ ಮೇಲೆ ಅದೇ ಮೊದಲ ಸಲ ಅವನು ಕೆಲಸದ ಹೊತ್ತಿನಲ್ಲಿ ನನ್ನ ಮುಖ ನೋಡಿದ್ದು. ಅವನೂ ಕೂತ. ಮೂರನೆಯವನು, ಎರಡನೆಯವನು, ಮೊದಲನೆಯವನು ಕೂತರು. ನಾವು ಈ ಸಲ ಮುಖಕ್ಕೆ ಮುಖ ಕೊಟ್ಟು ಕೂತಿದ್ದೆವು.

ಹಿರೇಕಿವಿಯವರು ಕೂರಲಿಲ್ಲ. “ನಂದರಾಗ ಏನೂ ಇಲ್ಲ. ಐದು ಬಿಚ್ಚಿದ್ರ ಸಾಕಲ್ಲ?”

“ಅದನ್ನ ಬಿಚ್ಚದಿದ್ರ ಉಳಿದ ಐದೂ ದಂಡರಿ” ಎಂದ ಅವನು.

“ಖಾಲಿ ಗಡಿಗಿ ಬಿಚ್ಚಿದ್ರೇನು, ಬಿಟ್ರೇನು?”

“ಯಜಮಾನ್ರ” ಎಂದಳು ಕುಂಬಾರಗಿತ್ತಿ, “ಖಾಲಿ ಗಡಿಗಿ ಮಾಡಾಕಿ ನಾನು. ಖಾಲಿ ಇದ್ರನ ಅದಕ್ಕ ಗಡಿಗಿ ಅಂತಾರು. ನನ್ನ ಸಮಾಧಾನಕ್ಕರೆ ಬಿಚ್ರಿ.”

ಹಿರೇಕಿವಿಯವರು ಕಟ್ಟಳೆಯನ್ನು ಮನಸ್ಸಿನಲ್ಲೇ ತಿರುವಿ ಹಾಕಿದರು. ಕೂಡಿ ಬಿಚ್ಚಬಾರದು ಎಂದು ಕಟ್ಟಳೆಯಲ್ಲಿ ಎಲ್ಲೂ ಇರಲಿಲ್ಲ, ಒಂದಾದ ಮೇಲೆ ಒಂದು ಎಂದಷ್ಟೇ ಇತ್ತು. ಒಂದೇ ಹಾಡಿದ್ದರೆ ಒಂದಾದ ಮೇಲೆ ಇನ್ನೊಂದು ಎಲ್ಲಿಂದ ಬರಬೇಕು ಎಂದು ಅವರಿಗೆ ಅವರೇ ವಾದ ಮಾಡಿಕೊಂಡಿರಬೇಕು. ಸುತ್ತಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಗ್ಗಿದರು. ಆರು ಗಂಟು ಒಟ್ಟಿಗೆ ಬಿಚ್ಚಿದವು.

ಮೊದಲು ಕದ ಬಡಿಯಿತು. ಬಡಿತದ ಅಡಿಯಲ್ಲಿ ಆ ದಪ್ಪ ದನಿ ಎದ್ದು ನಡೆಯತೊಡಗಿತು. ಎಲ್ಲಿಗೆ ಹೊರಟಿದೆ ಎಂದು ಈಗ ತಿಳಿಯಿತು, ಅದು ಕದದ ಕಡೆಗೇ ಹೊರಟಿತ್ತು. ಮಿಲ್ಲಿನ ಕಬ್ಬಿಣ ಕುಣಿಯಿತು. ನನ್ನ ನಾಲ್ಕು ಸ್ವರ ಬಂದವು, ಅವು ನಿಂತ ಜಾಗದಲ್ಲಿ ಅವನ ದನಿ ಬಂತು:

ಕದಾ ತಗದೀನಿ, ಯಾರದೀರಿ?

ಆಮೇಲೆ ಎಲ್ಲವೂ ಒಂದು ಉಸಿರಿನಷ್ಟು ಹೊತ್ತು ನಿಂತವು. ಅದು ಆರನೆಯ ಗಡಿಗೆಯ ಸರದಿ. ಆ ಗಡಿಗೆಯಿಂದ ಏನೂ ಬರಲಿಲ್ಲ, ಬರಬೇಕಾದದ್ದರ ಜಾಗ ಮಾತ್ರ ಬಂತು. ಮತ್ತೆ ಕದ ಬಡಿಯಿತು, ಮತ್ತೆ ಹಾಡು ಏರಿತು, ಕಲ್ಲಿನ ಗೋಡೆಗಳು ಅದನ್ನು ಎತ್ತಿ ಮೇಲಕ್ಕೆ ಎಸೆದವು. ಕದಾ ತಗದೀನಿ, ಯಾರದೀರಿ? ಮತ್ತೆ ಆ ಜಾಗ. ನಾವು ಐದು ಕಿವಿಗಳು ಬಾಯಿ ತೆರೆದುಕೊಂಡು ಕೂತಿದ್ದೆವು. ಗಿಟಾರಿನವನು ಕಣ್ಣು ಮುಚ್ಚಿಕೊಂಡಿದ್ದ, ಗಡ್ಡದೊಳಗೆ ನೀರು ಇಳಿಯುತ್ತಿತ್ತು.

ಮೂರನೆಯ ಸಲ ಪ್ರಶ್ನೆ ಬಂದಾಗ ಕುಂಬಾರಗಿತ್ತಿ ಉತ್ತರ ಕೊಟ್ಟಳು. ಅವಳಿಗೆ ರಾಗವೂ ಗೊತ್ತಿಲ್ಲ, ತಾಳವೂ ಗೊತ್ತಿಲ್ಲ. ಮನುಷ್ಯ ಅಷ್ಟು ಸಲ ಕೇಳುತ್ತಿರುವಾಗ ಸುಮ್ಮನಿರುವುದು ಸರಿಯಲ್ಲ ಎಂದಷ್ಟೇ ಗೊತ್ತಿತ್ತು.

“ನಾನದೀನಿ” ಎಂದಳು.

ಅದು ಆ ಜಾಗದಲ್ಲಿ ಸರಿಯಾಗಿ ಕೂತಿತು. ನಾಲ್ಕನೆಯ ಸಲ ನಾನೂ ಹೇಳಿದೆ. ಐದನೆಯ ಸಲ ಕ್ವಾರಿಯ ಅಂಚಿನಿಂದ ಇಡೀ ಊರು ಹೇಳಿತು: ನಾವದೀವಿ. ಬೆಳಿಗ್ಗೆ ನಕ್ಕಿದ್ದವರೇ ಹೇಳಿದರು. ಆಮೇಲೆ ಯಾವ ಅನುಮತಿ, ಯಾವ ಕಟ್ಟಳೆ, ಎಲ್ಲರೂ ಧೂಳೆಬ್ಬಿಸಿಕೊಂಡು ಕೆಳಗೆ ಇಳಿದರು. ಮುದುಕಿಯರು ಸೆರಗು ಸಿಕ್ಕಿಸಿಕೊಂಡು ಕುಣಿದರು, ಅಂಗಡಿಯ ಚಾಕು ಹಿಡಿದುಕೊಂಡೇ ಬಂದಿದ್ದ ಕಟುಕನು ಅದನ್ನು ಕಲ್ಲಿನ ಮೇಲಿಟ್ಟು ಕುಣಿದ. ನಾನು ಕುಣಿದದ್ದನ್ನು ನನ್ನ ಹೆಂಡತಿ ಇವತ್ತಿಗೂ ಆಡಿ ತೋರಿಸುತ್ತಾಳೆ.

ಗಡಿಗೆಗಳು ಒಂದೊಂದಾಗಿ ಬರಿದಾದವು. ಕದ ಬಡಿಯುವುದು ನಿಂತಿತು, ದಪ್ಪ ದನಿ ನಿಂತಿತು. ಕೊನೆಯ ಸಲ ಪ್ರಶ್ನೆ ಬಂತು, ಊರು ಉತ್ತರ ಕೊಟ್ಟಿತು. ಆಮೇಲೆ ಗಡಿಗೆಗಳಿಂದ ಏನೂ ಬರಲಿಲ್ಲ.

ಹಿರೇಕಿವಿಯವರು ಸುತ್ತಿಗೆಯನ್ನು ಕಂಕುಳಿನಿಂದ ತೆಗೆದು ಕೈ ಚಾಚಿದರು. “ಗಿಟಾರ್ ಕೊಡು.”

ಹಾಡು ಚೆನ್ನಾಗಿದ್ದರೂ ತೀರ್ಪು ತೀರ್ಪೇ ಆಗಿತ್ತು. ಅವನು ಗಾಡಿಯಿಂದ ಗಿಟಾರ್ ಎತ್ತಿಕೊಂಡ, ಅದರ ಮೇಲಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದ, ಎರಡು ಕೈಯಲ್ಲಿ ಹಿಡಿದು ಅವರ ಮುಂದೆ ಒಡ್ಡಿದ.

“ತಡೀರಿ” ಎಂದಳು ಕುಂಬಾರಗಿತ್ತಿ. “ಹಾಡು ಮುಗಿದ ಮ್ಯಾಲೆ ತಗೋಬೇಕಂತ ಐತಲ್ಲರಿ ಕಟ್ಟಳಿ? ಹಾಡು ಮುಗಿದೈತೇನ್ರಿ?”

“ಗಡಿಗಿ ಖಾಲಿ ಆದವಲ್ಲ.”

“ಐದು ಖಾಲಿ ಆಗ್ಯಾವು. ಆರನೇದು ಮೊದಲಿಂದನೂ ಖಾಲಿನ ಇತ್ತು. ಅದರಾಗ ಹಾಡೂದು ನಾವು. ನಾವಿನ್ನೂ ಮುಗಿಸಿಲ್ಲ.” ಎಂದವಳೇ ಜನರ ಕಡೆಗೆ ತಿರುಗಿ, “ಮುಗಿಸೀರೇನು?” ಎಂದಳು.

“ನಾವದೀವಿ” ಎಂದಿತು ಊರು. ತಾಳ ತಪ್ಪಿತ್ತು, ರಾಗವೂ ಅಲ್ಲಲ್ಲಿ ಜಾರಿತ್ತು. ಆದರೂ ಹಾಡು ನಿಲ್ಲಲಿಲ್ಲ. ಮೊದಲನೆಯ ಕಿವಿ ಖಾಲಿ ಗಡಿಗೆಯನ್ನು ಮಗುಚಿಟ್ಟು ಬಡಿಯತೊಡಗಿದ. ಮೂರನೆಯವನು ಗಾಡಿಯ ಗಾಲಿಯನ್ನು ಕಲ್ಲಿನಿಂದ ಕುಟ್ಟಿದ. ನಾನು ಓಡಿಹೋಗಿ ಗಿಟಾರಿನ ವೈರನ್ನು ಡಬ್ಬಕ್ಕೆ ಸಿಕ್ಕಿಸಿದೆ. ಮಾಡಿದ್ದಕ್ಕೆ ಅಷ್ಟಾದರೂ ಮಾಡಬೇಕಿತ್ತು.

ಗಿಟಾರಿನವನು ಹಿರೇಕಿವಿಯವರನ್ನು ನೋಡಿದ. ಅವರ ಕೈ ಇನ್ನೂ ಚಾಚಿಯೇ ಇತ್ತು. ಅವನು ಗಿಟಾರನ್ನು ಹಿಂದಕ್ಕೆ ಎಳೆದುಕೊಂಡು ಹೆಗಲಿಗೆ ಹಾಕಿದ, ನಾಲ್ಕು ಸ್ವರ ನುಡಿಸಿದ. ಅವರ ಮುಖಕ್ಕೇ ಮುಖ ಕೊಟ್ಟು ಹಾಡಿದ: ಕದಾ ತಗದೀನಿ, ಯಾರದೀರಿ?

ಹಿರೇಕಿವಿಯವರು ಐವತ್ತು ವರ್ಷ ಸುಳ್ಳು ಹೇಳಿದವರಲ್ಲ. ಕೇಳಿದ ಪ್ರಶ್ನೆ ಸರಳವಾಗಿತ್ತು, ಅವರು ಅಲ್ಲಿ ಇದ್ದದ್ದಂತೂ ನಿಜ. ಚಾಚಿದ ಕೈ ಹಾಗೇ ಇಟ್ಟುಕೊಂಡು, ಬಹಳ ಸಣ್ಣ ದನಿಯಲ್ಲಿ, ತಾಳಕ್ಕೆ ಸರಿಯಾಗಿ, “ಅದೀನಿ” ಎಂದರು.

ಆ ಹಾಡು ಇನ್ನೂ ಮುಗಿದಿಲ್ಲ. ಊರು ಸರದಿ ಹಾಕಿಕೊಂಡಿದೆ. ಬೆಳಿಗ್ಗೆ ಹಾಲಿನವರು ಹಾಡುತ್ತಾರೆ, ಹೊತ್ತೇರಿದ ಮೇಲೆ ಬಜಾರಿನವರು, ಆಮೇಲೆ ಹೊಲದಿಂದ ಬಂದವರು. ಯಾವ ಗಳಿಗೆಯಲ್ಲೂ ಒಬ್ಬರಾದರೂ ಹಾಡುತ್ತಿರಬೇಕು. ಮದುವೆ ಇದ್ದರೆ ಮದುವೆಯ ಚಪ್ಪರದಲ್ಲಿ ಹಾಡುತ್ತಾರೆ, ಸರದಿಯವನಿಗೆ ನೆಗಡಿಯಾದರೆ ಪಕ್ಕದ ಮನೆಯವನು ಹಾಡುತ್ತಾನೆ. ಮಿಲ್ಲಿನ ಕದಗಳನ್ನು ಕಳಚಿ ಕುಂಬಾರಗಿತ್ತಿಗೆ ಕೊಟ್ಟಾಗಿದೆ, ಅವಳು ಅವುಗಳ ಮೇಲೆ ಹಸಿ ಗಡಿಗೆ ಒಣಗಿಸುತ್ತಾಳೆ. ಕಿವಿಮನೆಯಲ್ಲಿ ನಾವು ಈಗ ಎದುರುಬದುರು ಕೂರುತ್ತೇವೆ. ತಪ್ಪು ಈಗಲೂ ಆಗುತ್ತದೆ, ಮೊದಲಿನಷ್ಟಿಲ್ಲ.

ಹಿರೇಕಿವಿಯವರು ದಿನಾ ಮಧ್ಯಾಹ್ನ ಸುತ್ತಿಗೆ, ಮೊಳೆ ಹಿಡಿದು ಮಿಲ್ಲಿಗೆ ಬರುತ್ತಿದ್ದರು. “ಮುಗೀತೇನು?” ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಕೂತು, ತಮ್ಮ ಪಾಲಿನ ಸರದಿ ಹಾಡಿ, ಎದ್ದು ಹೋಗುತ್ತಿದ್ದರು. ಏಳು ವರ್ಷ ಹಾಗೆ ಬಂದರು. ಹೋದ ತಿಂಗಳು ಒಂದು ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ. ಜ್ವರ ಬಂದು ಮಲಗಿದ್ದಾರೆ, ಯಾರನ್ನೂ ಒಳಗೆ ಬಿಡುತ್ತಿಲ್ಲ ಎಂದು ಸುದ್ದಿ ಬಂತು.

ಗಿಟಾರಿನವನು ಎದ್ದ. ಗಿಟಾರ್ ಹೆಗಲಿಗೆ ಹಾಕಿಕೊಂಡು ನಡುಬಜಾರಿನಲ್ಲಿ ನಡೆದು ಅವರ ಮನೆಗೆ ಹೋದ. ನಾವು ಹತ್ತಾರು ಜನ ಹಿಂದೆ ಹೋದೆವು. ಕದ ಒಳಗಿನಿಂದ ಹಾಕಿತ್ತು. ಅವನು ಬೆರಳಿನಿಂದ ಮೆಲ್ಲಗೆ ಬಡಿದ, ಹಾಡಿನಲ್ಲಿ ಕದ ಬಡಿಯುವ ಹಾಗೆಯೇ ಬಡಿದ. ಆಮೇಲೆ ನಾಲ್ಕು ಸ್ವರ ನುಡಿಸಿ ಸುಮ್ಮನೆ ನಿಂತ. ಹಾಡಿನ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲಿಲ್ಲ.

ಒಳಗಿನಿಂದ ಕೆಮ್ಮು ಬಂತು. ಹಾಸಿಗೆ ಸರಿದ ಸದ್ದು ಬಂತು, ಕೋಲು ಊರಿಕೊಂಡು ಯಾರೋ ನಿಧಾನವಾಗಿ ನಡೆದು ಬಂದ ಸದ್ದು ಬಂತು. ಅಗಳಿ ಸರಿಯಿತು.

“ಅದೀನಪಾ” ಎಂದರು ಹಿರೇಕಿವಿಯವರು. “ಬಾ ಒಳಗ, ಚಾ ಕುಡಿ.”